ತೊಡಕೇ ಗುಣವಾಗುವ ಬಗೆ: ವಿಡಿಯೋ ಆಟಗಳನ್ನು ಕುರಿತು ಒಂದು ವಿಚಾರ

ಕಾವ್ಯದೋಷಗಳನ್ನು ಎಣಿಸಿ, ಹೆಸರಿಟ್ಟು, ವರ್ಗೀಕರಿಸಿದ ಆಲಂಕಾರಿಕರೇ ಎಲ್ಲ ದೋಷಗಳೂ ಎಲ್ಲೆಡೆಯೂ ದೋಷಗಳಲ್ಲವೆಂಬುದನ್ನು ಒಪ್ಪಿಕೊಂಡಿದ್ದಾರೆ. ಕಿವಿಗೆ ಕಟುವಾದ ಅಕ್ಷರಗಳ ಜೋಡಣೆ ಶೃಂಗಾರದಲ್ಲಿ ಸಲ್ಲದು. ಅದೇ ಜೋಡಣೆ ರೌದ್ರದಲ್ಲಿ ಬಂದರೆ ರಸಕ್ಕೆ ಪೋಷಕವಾಗುತ್ತದೆ. ಒಂಬತ್ತನೆಯ ಶತಮಾನದ ಆನಂದವರ್ಧನನು ತನ್ನ ‘ಧ್ವನ್ಯಾಲೋಕ’ದಲ್ಲಿ ಶ್ರುತಿದುಷ್ಟವೇ ಮೊದಲಾದವನ್ನು ಅನಿತ್ಯ ದೋಷಗಳೆಂದು ಪರಿಗಣಿಸಿದುದು ಈ ಕಾರಣದಿಂದಲೇ. ಒಂದು ಲಕ್ಷಣವು ದೋಷವೋ ಗುಣವೋ ಎಂಬುದು ಆ ಲಕ್ಷಣವನ್ನು ಮಾತ್ರ ನೋಡಿ ನಿರ್ಣಯಿಸತಕ್ಕ ವಿಷಯವಲ್ಲ. ಅದು ಇರುವ ಕೃತಿಯನ್ನೂ, ಆ ಕೃತಿಯ ಗುರಿಯನ್ನೂ ನೋಡಬೇಕು. ಸಾವಿರ ವರ್ಷಗಳಿಗೂ ಮಿಕ್ಕಿದ ಈ ವಿವೇಕವು ತೀರ ಹೊಸದಾದ ಒಂದು ಕಲೆಗೂ ಅನ್ವಯಿಸುತ್ತದೆಂಬುದನ್ನು ತೋರಿಸುವುದು ಇಲ್ಲಿನ ಉದ್ದೇಶ. ಆ ಕಲೆಯೇ ಇಂದಿನ ಮಕ್ಕಳ ಕೈಯಲ್ಲಿಯೂ, ಅನೇಕ ವೇಳೆ ಹಿರಿಯರ ಕೈಯಲ್ಲಿಯೂ ಕಾಣಬರುವ ವಿಡಿಯೋ ಆಟ.

ವಿಡಿಯೋ ಆಟವನ್ನು ಕಾಣದವರು ಇಂದು ವಿರಳ. ಆದರೆ ಅದರ ರಚನೆಯನ್ನು ಕುರಿತು ಆಲೋಚಿಸಿದವರೂ ವಿರಳವೇ. ಪರದೆಯ ಮೇಲೆ ಒಂದು ಪಾತ್ರವಿರುತ್ತದೆ. ಆಡುವವನ ಕೈಯಲ್ಲಿ ಗುಂಡಿಗಳೂ, ಬೆರಳಿನಿಂದ ಹೊರಳಿಸುವ ಪುಟ್ಟ ಕೋಲುಗಳೂ ಇರುತ್ತವೆ. ಗುಂಡಿ ಒತ್ತಿದರೆ ಪಾತ್ರ ಜಿಗಿಯುತ್ತದೆ. ಕೋಲು ಹೊರಳಿಸಿದರೆ ನಡೆಯುತ್ತದೆ. ಕೈಗೂ ಪಾತ್ರಕ್ಕೂ ನಡುವಣ ಈ ಸಂಬಂಧವನ್ನು ನಿಯಂತ್ರಣ ಕ್ರಮವೆನ್ನಬಹುದು. ಅದು ನುಣುಪಾಗಿರಬೇಕು, ಮನಸ್ಸಿನಲ್ಲಿ ಹೊಳೆದುದು ಆ ಕ್ಷಣವೇ ಪರದೆಯ ಮೇಲೆ ಆಗಬೇಕು ಎಂಬುದು ಸಾಮಾನ್ಯ ನಿಯಮ. ಹಾಗಾಗದೆ ಪಾತ್ರವು ತಡೆದು ತಡೆದು ಚಲಿಸಿದರೆ, ತಿರುಗಬೇಕಾದಾಗ ತಿರುಗದಿದ್ದರೆ, ಕೈಗೆ ಒಗ್ಗದೆ ಒರಟೊರಟಾಗಿದ್ದರೆ, ಆ ಆಟವನ್ನು ಕೆಟ್ಟದ್ದೆಂದು ತಳ್ಳಿಹಾಕುವುದು ವಾಡಿಕೆ. ವಾಡಿಕೆ ಬಹುಮಟ್ಟಿಗೆ ಸರಿಯಾದುದೇ. ಆದರೆ ಜನ ಬಹುಕಾಲ ಪ್ರೀತಿಸಿದ ಕೆಲವು ಆಟಗಳು ಈ ನಿಯಮವನ್ನು ಮೀರಿಯೇ ನಿಂತಿವೆ. ಅವು ತಮ್ಮ ತೊಡಕಿದ್ದರೂ ಪ್ರಿಯವಾದುವಲ್ಲ, ತೊಡಕಿನಿಂದಲೇ ಪ್ರಿಯವಾದುವು ಎಂಬುದನ್ನು ಮನಗಾಣಬೇಕಾಗಿದೆ.

ಮೊದಲು ಆಟವೆಂದರೇನೆಂಬುದನ್ನು ವಿಚಾರಿಸೋಣ. ತತ್ತ್ವಶಾಸ್ತ್ರಜ್ಞ ಬರ್ನಾರ್ಡ್ ಸೂಟ್ಸ್ ಎಂಬವರು 1978ರಲ್ಲಿ ಪ್ರಕಟಿಸಿದ ‘ದಿ ಗ್ರಾಸ್‌ಹಾಪರ್’ ಎಂಬ ಗ್ರಂಥದಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅನವಶ್ಯಕವಾದ ಅಡೆತಡೆಗಳನ್ನು ಸ್ವಇಚ್ಛೆಯಿಂದ ಮೈಮೇಲೆ ಹಾಕಿಕೊಂಡು ಅವನ್ನು ದಾಟಲು ಯತ್ನಿಸುವುದೇ ಆಟವೆಂಬುದು ಅವರ ನಿರ್ಣಯದ ಸಾರ. ಗಾಲ್ಫ್ ಆಟದಲ್ಲಿ ಚೆಂಡು ಕುಳಿಗೆ ಬೀಳುವುದಷ್ಟೇ ಗುರಿಯಾಗಿದ್ದರೆ ಅದನ್ನು ಕೈಯಲ್ಲಿ ಒಯ್ದು ಹಾಕಬಹುದಾಗಿತ್ತು. ಉದ್ದನೆಯ ದಾಂಡಿನಿಂದ ದೂರದಿಂದಲೇ ಹೊಡೆಯಬೇಕೆಂಬ ತೊಡಕೇ ಅದನ್ನು ಆಟವಾಗಿಸಿದೆ. ಅವಧಾನವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ನಿಷೇಧಾಕ್ಷರಿಯಲ್ಲಿ ಅವಧಾನಿಯು ಪದ್ಯದ ಒಂದೊಂದು ಅಕ್ಷರವನ್ನು ನುಡಿದಂತೆ, ಮುಂದೆ ಬರಬಹುದಾದ ಅಕ್ಷರವನ್ನು ಊಹಿಸಿ ಪೃಚ್ಛಕನು ನಿಷೇಧಿಸುತ್ತ ಹೋಗುತ್ತಾನೆ. ಆ ನಿಷೇಧವನ್ನು ತೆಗೆದರೆ ಪದ್ಯವೇನೋ ಸಲೀಸಾಗಿ ಮುಗಿದೀತು. ಸಭೆ ಮಾತ್ರ ಎದ್ದು ಹೋದೀತು. ಹೀಗೆ ತೊಡಕು ಆಟಕ್ಕೆ ಹೊರಗಿನಿಂದ ಬಂದ ಕೇಡಲ್ಲ. ಅದು ಆಟದ ಜೀವವೇ ಆಗಿದೆ. ಉಳಿದ ಪ್ರಶ್ನೆ ಇಷ್ಟೇ: ಆ ತೊಡಕು ಎದುರಾಳಿಯಲ್ಲಿಯೂ ಹಾದಿಯಲ್ಲಿಯೂ ಇದ್ದರೆ ಸಾಕೇ, ಅಥವಾ ಆಡುವ ಕೈಯಲ್ಲಿಯೇ ಇರಬಹುದೇ?

ಈ ಪ್ರಶ್ನೆಗೆ ವಿಡಿಯೋ ಆಟದ ಆದಿಯಲ್ಲಿಯೇ ಒಂದು ಉತ್ತರ ದೊರೆಯುತ್ತದೆ. 1962ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಅವರ ಗೆಳೆಯರು ಪಿಡಿಪಿ-1 ಎಂಬ ಗಣಕಯಂತ್ರದ ಮೇಲೆ ‘ಸ್ಪೇಸ್‌ವಾರ್’ ಎಂಬ ಆಟವನ್ನು ರಚಿಸಿದರು. ಎರಡು ವ್ಯೋಮನೌಕೆಗಳು, ನಡುವೆ ಅವನ್ನು ತನ್ನತ್ತ ಸೆಳೆಯುವ ಒಂದು ನಕ್ಷತ್ರ. ನೌಕೆಯನ್ನು ಎಡಕ್ಕೋ ಬಲಕ್ಕೋ ತಿರುಗಿಸಿ ಹಿಂದಿನಿಂದ ನೂಕು ಕೊಡಬಹುದು, ಅಷ್ಟೆ. ಒಮ್ಮೆ ವೇಗ ಪಡೆದ ನೌಕೆ ತಾನಾಗಿ ನಿಲ್ಲದು. ನಿಲ್ಲಿಸಬೇಕಾದರೆ ಹಿಂದುಮುಂದಾಗಿ ತಿರುಗಿಸಿ ಎದುರು ನೂಕು ಕೊಡಬೇಕು. ಮೊದಮೊದಲು ಇದನ್ನೆಲ್ಲ ಯಂತ್ರದ ಮೈಮೇಲಿನ ಸ್ವಿಚ್ಚುಗಳಿಂದಲೇ ಮಾಡಬೇಕಾಗಿತ್ತು. ಆಡುವವರ ಮೊಣಕೈಗಳು ಸೋತುಹೋಗುತ್ತಿದ್ದವು. ಆದಕಾರಣ ಆ ಗೆಳೆಯರ ಬಳಗವು ಕೈಯಲ್ಲಿ ಹಿಡಿದು ಆಡಲು ಬೇರೆ ಪೆಟ್ಟಿಗೆಗಳನ್ನು ಕಟ್ಟಿಕೊಂಡಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅವರು ಸ್ವಿಚ್ಚಿನ ತೊಡಕನ್ನು ತೆಗೆದರು. ನೌಕೆಯ ತೊಡಕನ್ನು ಹಾಗೆಯೇ ಉಳಿಸಿದರು. ಮೊದಲನೆಯದು ಮೊಣಕೈ ನೋವಲ್ಲದೆ ಬೇರೇನನ್ನೂ ಕೊಡುತ್ತಿರಲಿಲ್ಲ. ಎರಡನೆಯದು ಗಾಳಿಯಿಲ್ಲದ ಆಕಾಶದ ಅನುಭವವನ್ನೇ ಕೊಡುತ್ತಿತ್ತು. ನಿತ್ಯ ದೋಷ, ಅನಿತ್ಯ ದೋಷಗಳ ವಿವೇಚನೆ ಆ ತರುಣರಿಗೆ ಶಾಸ್ತ್ರವಿಲ್ಲದೆಯೇ ತಿಳಿದಿತ್ತೆನ್ನಬೇಕು.

ಆದರೆ ಎಲ್ಲರಿಗೂ ಎಲ್ಲ ಕಾಲದಲ್ಲಿಯೂ ಇದು ರುಚಿಸಲಿಲ್ಲ. 1971ರಲ್ಲಿ ನೋಲನ್ ಬುಶ್ನೆಲ್ ಮತ್ತು ಟೆಡ್ ಡಾಬ್ನಿಯವರು ಅದೇ ಮಾದರಿಯ ನೌಕೆಯನ್ನು ‘ಕಂಪ್ಯೂಟರ್ ಸ್ಪೇಸ್’ ಎಂಬ ಹೆಸರಿನಲ್ಲಿ ನಾಣ್ಯ ಹಾಕಿ ಆಡುವ ಯಂತ್ರಕ್ಕೆ ಇಳಿಸಿದಾಗ ನಿರೀಕ್ಷಿಸಿದ ಯಶಸ್ಸು ಬರಲಿಲ್ಲ. ಪಾನಗೃಹದಲ್ಲಿ ನಿಂತು ಆಡುವ ಜನಕ್ಕೆ ಅದು ಜಟಿಲವೆನಿಸಿತು. ಮರುವರ್ಷ, ಎಂದರೆ 1972ರಲ್ಲಿ, ಅವರು ಸ್ಥಾಪಿಸಿದ ಅಟಾರಿ ಸಂಸ್ಥೆಯ ‘ಪಾಂಗ್’ ಬಂದಿತು. ಒಬ್ಬೊಬ್ಬ ಆಟಗಾರನಿಗೆ ತಿರುಗಿಸಲು ಒಂದೊಂದೇ ತಿರುಪು. ಅದರ ಯಶಸ್ಸು ಸರ್ವವಿದಿತ. ಸರಳತೆಯೇ ಗೆದ್ದಿತೆಂದು ಇಲ್ಲಿಗೆ ವಾದವನ್ನು ಮುಗಿಸಬಹುದಾಗಿತ್ತು. ಆದರೆ 1979ರಲ್ಲಿ ಅದೇ ಅಟಾರಿಯು ‘ಆಸ್ಟರಾಯ್ಡ್ಸ್’ ಎಂಬ ಆಟದಲ್ಲಿ, ತಿರುಗಿಸಿ ನೂಕಬೇಕಾದ, ಜಾರುತ್ತ ಹೋಗುವ ಅದೇ ನೌಕೆಯನ್ನು ಮರಳಿ ತಂದಿತು; ಅದು ಆ ಸಂಸ್ಥೆಯ ಅತ್ಯಂತ ಯಶಸ್ವಿ ಆಟಗಳಲ್ಲಿ ಒಂದಾಯಿತು. ಎಂಟು ವರ್ಷಗಳಲ್ಲಿ ತೊಡಕು ಬದಲಾಗಲಿಲ್ಲ. ಆಡುವವರ ಕೈ ಪಳಗಿತು. ತೊಡಕಿನ ರುಚಿ ತಿಳಿಯಬೇಕಾದರೆ ಅಭ್ಯಾಸವೂ ಬೇಕು, ಅಭ್ಯಾಸಕ್ಕೆ ಅವಕಾಶವೂ ಬೇಕು.

ತೊಡಕು ರಸಕ್ಕೆ ಪೋಷಕವಾಗುವ ಪರಿಗೆ ಅತ್ಯುತ್ತಮ ನಿದರ್ಶನ ಭಯಾನಕದಲ್ಲಿ ದೊರೆಯುತ್ತದೆ. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯು 1996ರಲ್ಲಿ ಶಿಂಜಿ ಮಿಕಾಮಿಯವರ ನಿರ್ದೇಶನದಲ್ಲಿ ‘ರೆಸಿಡೆಂಟ್ ಈವಿಲ್’ ಎಂಬ ಆಟವನ್ನು ಹೊರತಂದಿತು. ಒಂದು ಪಾಳು ಬಂಗಲೆ. ಅದರೊಳಗೆ ನಡೆದಾಡುವ ಹೆಣಗಳು. ಈ ಆಟದಲ್ಲಿ ಮೇಲಿನ ಗುಂಡಿಯನ್ನು ಒತ್ತಿದರೆ ಪಾತ್ರವು ಪರದೆಯ ಮೇಲ್ಭಾಗಕ್ಕೆ ಹೋಗುವುದಿಲ್ಲ. ತಾನು ಮುಖಮಾಡಿದ ದಿಕ್ಕಿಗೆ ಮುಂದೆ ಹೋಗುತ್ತದೆ. ಎಡಬಲದ ಗುಂಡಿಗಳು ಅದನ್ನು ನಿಂತಲ್ಲಿಯೇ ಮೆಲ್ಲಗೆ ತಿರುಗಿಸುತ್ತವೆ. ಯುದ್ಧದ ಟ್ಯಾಂಕು ಹೊರಳುವಂತೆ ಹೊರಳುವುದರಿಂದ ಇದಕ್ಕೆ ಟ್ಯಾಂಕ್ ನಿಯಂತ್ರಣವೆಂದೇ ಹೆಸರಾಯಿತು. ಪಿಸ್ತೂಲು ಹಾರಿಸಬೇಕಾದರೆ ನಿಂತೇ ಹಾರಿಸಬೇಕು, ನಡೆಯುತ್ತ ಹಾರಿಸುವಂತಿಲ್ಲ. ಇದಕ್ಕೆ ಒಂದು ತಾಂತ್ರಿಕ ಕಾರಣವೂ ಉಂಟು. ಬಂಗಲೆಯ ಪ್ರತಿಯೊಂದು ಭಾಗವನ್ನೂ ಒಂದೊಂದು ಸ್ಥಿರವಾದ ಕೋನದಿಂದ ತೋರಿಸುವುದರಿಂದ, ಪಾತ್ರವು ಮುಂದೆ ಸಾಗಿದಂತೆ ನೋಟವು ಥಟ್ಟನೆ ಬದಲಾಗುತ್ತದೆ. ಆಗ ದಿಕ್ಕು ತಪ್ಪದಿರಬೇಕಾದರೆ ನಡಿಗೆಯು ಪರದೆಗಲ್ಲ, ಪಾತ್ರಕ್ಕೆ ಸಾಪೇಕ್ಷವಾಗಿರುವುದು ಅನುಕೂಲ.

ಕಾರಣ ಏನೇ ಇರಲಿ, ಫಲವೇನಾಯಿತೆಂಬುದು ಮುಖ್ಯ. ಬಾಗಿಲ ಬಳಿ ಹೆಣವೊಂದು ತೂರಾಡುತ್ತ ಬರುತ್ತಿರುವಾಗ ಓಡಿಹೋಗಬೇಕೆಂಬುದು ಆಡುವವನ ಆಸೆ. ಆದರೆ ಮೊದಲು ತಿರುಗಬೇಕು. ತಿರುಗಲು ಕಾಲ ಬೇಕು. ಆ ಒಂದೆರಡು ಕ್ಷಣಗಳಲ್ಲಿ ಬೆನ್ನ ಹಿಂದಿನ ಹೆಜ್ಜೆ ಸಪ್ಪಳ ಹತ್ತಿರವಾಗುತ್ತದೆ. ದುಃಸ್ವಪ್ನದಲ್ಲಿ ಓಡಲೆತ್ನಿಸಿಯೂ ಕಾಲು ಕೀಳಲಾಗದವನ ಸ್ಥಿತಿ ಅದು. 2015ರಲ್ಲಿ ಈ ಆಟದ ಪರಿಷ್ಕೃತ ರೂಪವೊಂದು ಹೊರಬಂದಾಗ, ಬೇಕೆಂದವರು ಒತ್ತಿದ ದಿಕ್ಕಿಗೆ ನೇರವಾಗಿ ಓಡುವ ಹೊಸ ಕ್ರಮವನ್ನು ಆರಿಸಿಕೊಳ್ಳಲು ಅವಕಾಶವಿತ್ತರು; ಹಳೆಯದನ್ನೂ ಉಳಿಸಿದರು. ಹೊಸ ಕ್ರಮದಲ್ಲಿ ಹೆಣಗಳನ್ನು ಬಳಸಿಕೊಂಡು ಹೋಗುವುದು ಬಲು ಸುಲಭ. ಬಂಗಲೆ ಅದೇ, ಹೆಣ ಅದೇ, ಕತ್ತಲೆಯೂ ಅದೇ. ಭಯ ಮಾತ್ರ ಅರ್ಧಕ್ಕಿಳಿಯುತ್ತದೆ. ಒಂದೇ ಕೃತಿಯಲ್ಲಿ ಎರಡು ಕ್ರಮಗಳೂ ಅಕ್ಕಪಕ್ಕದಲ್ಲಿರುವುದರಿಂದ, ಭಯವು ಹೆಣದಲ್ಲಿ ಎಷ್ಟಿತ್ತು, ಕೈಯ ತೊಡಕಿನಲ್ಲಿ ಎಷ್ಟಿತ್ತೆಂಬುದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದಾಗಿದೆ.

ಭಯಕ್ಕೆ ಸಂದುದು ಶೋಕಕ್ಕೂ ಸಲ್ಲುತ್ತದೆ. 2005ರಲ್ಲಿ ಫುಮಿಟೊ ಉಯೆಡಾ ಅವರ ನಿರ್ದೇಶನದಲ್ಲಿ ಬಂದ ‘ಶ್ಯಾಡೋ ಆಫ್ ದಿ ಕೊಲೋಸಸ್’ ಎಂಬ ಆಟದಲ್ಲಿ, ಮೃತಳಾದ ತರುಣಿಯೊಬ್ಬಳನ್ನು ಬದುಕಿಸಿಕೊಳ್ಳುವ ಆಸೆಯಿಂದ ಒಬ್ಬ ತರುಣನು 16 ಮಹಾಕಾಯ ಜೀವಿಗಳನ್ನು ಕೊಲ್ಲಲು ಹೊರಡುತ್ತಾನೆ. ಅವನು ನುರಿತ ವೀರನಲ್ಲ. ಕತ್ತಿ ಬೀಸಿದರೆ ತಾನೇ ತೂಗಾಡುತ್ತಾನೆ, ಓಡುವಾಗ ಎಡವುತ್ತಾನೆ. ಅವನ ಕುದುರೆಯೂ ಗುಂಡಿ ಒತ್ತಿದೊಡನೆ ತಿರುಗುವ ಯಂತ್ರವಲ್ಲ. ಅದಕ್ಕೆ ತನ್ನದೇ ಆದ ಮನಸ್ಸುಂಟು. ಮಹಾಕಾಯದ ರೋಮವನ್ನು ಹಿಡಿದು ಮೇಲೇರುವಾಗ ಆಡುವವನು ಒಂದು ಗುಂಡಿಯನ್ನು ಒತ್ತಿ ಹಿಡಿದೇ ಇರಬೇಕು. ಬಿಟ್ಟರೆ ತರುಣ ಬೀಳುತ್ತಾನೆ. ಆ ಪ್ರಾಣಿ ಮೈ ಕೊಡವಿದಾಗ ತರುಣನ ಹಿಡಿತದ ಬಲ ಕುಗ್ಗುತ್ತ ಬರುವುದು ಪರದೆಯ ಮೂಲೆಯಲ್ಲಿ ಕಾಣುತ್ತದೆ. ಇತ್ತ ಆಡುವವನ ಬೆರಳೂ ಬಿಗಿದುಕೊಳ್ಳುತ್ತದೆ. ಪಾತ್ರದ ಆಯಾಸ ಮತ್ತು ಆಡುವವನ ಆಯಾಸ ಎಂಬ ಭೇದ ಅಲ್ಲಿ ಅಳಿಯುತ್ತದೆ. ಭಟ್ಟನಾಯಕನು ಹೇಳಿದ ಸಾಧಾರಣೀಕರಣವು ಸಹೃದಯನ ಚಿತ್ತದಲ್ಲಿ ನಡೆಯುವ ವ್ಯಾಪಾರ. ಇಲ್ಲಿ ಅದು ಬೆರಳ ತುದಿಯಿಂದ ಆರಂಭವಾಗುವುದೊಂದು ವಿಶೇಷ. ಕೊನೆಯಲ್ಲಿ ಆ ನಿರಪರಾಧಿ ಮಹಾಕಾಯ ಉರುಳಿದಾಗ ಉಂಟಾಗುವ ವಿಷಾದ ಗಾಢವಾಗುವುದು, ಅದನ್ನು ಉರುಳಿಸಿದ ಶ್ರಮ ಕೈಯಲ್ಲಿ ಇನ್ನೂ ಉಳಿದಿರುವುದರಿಂದಲೇ.

ಹಾಸ್ಯಕ್ಕೂ ಇದೇ ನ್ಯಾಯ. ಆಸ್ಟ್ರೇಲಿಯಾ ಮೂಲದ ತತ್ತ್ವಶಾಸ್ತ್ರ ವಿದ್ವಾಂಸರಾದ ಬೆನೆಟ್ ಫೊಡಿ ಎಂಬವರು 2008ರಲ್ಲಿ ಕ್ಯೂ, ಡಬ್ಲ್ಯು, ಓ, ಪಿ ಎಂಬ ನಾಲ್ಕು ಕೀಲಿಗಳ ಹೆಸರನ್ನೇ ಸೇರಿಸಿ ‘ಕ್ವಾಪ್’ ಎಂಬ ಆಟವನ್ನು ರಚಿಸಿದರು. ಒಬ್ಬ ಓಟಗಾರ 100 ಮೀಟರ್ ಓಡಬೇಕು. ಮೊದಲ ಎರಡು ಕೀಲಿಗಳು ಅವನ ತೊಡೆಗಳನ್ನೂ, ಉಳಿದೆರಡು ಮೀನಖಂಡಗಳನ್ನೂ ಚಲಿಸುತ್ತವೆ. ಓಡು ಎಂಬ ಗುಂಡಿಯೇ ಇಲ್ಲ. ಮೊದಲ ಬಾರಿ ಆಡುವವನು ಒಂದು ಹೆಜ್ಜೆ ಇಡುವಷ್ಟರಲ್ಲಿ ಓಟಗಾರ ಮಗುಚಿ ಬೀಳುತ್ತಾನೆ, ನೋಡುವವರು ನಗುತ್ತಾರೆ, ಬಿದ್ದವನೂ ನಗುತ್ತಾನೆ. ಎಳೆಯ ಕೂಸು ನಡೆಯಲು ಕಲಿತಾಗ ಪಟ್ಟ ಪಾಡು, ಮರೆತುಹೋದ ಆ ಪವಾಡ, ನಾಲ್ಕು ಕೀಲಿಗಳಲ್ಲಿ ಮರುಕಳಿಸುತ್ತದೆ. ಅವರೇ 2017ರಲ್ಲಿ ರಚಿಸಿದ ‘ಗೆಟ್ಟಿಂಗ್ ಓವರ್ ಇಟ್’ ಎಂಬ ಆಟದಲ್ಲಿ, ಸೊಂಟದವರೆಗೆ ಕೊಪ್ಪರಿಗೆಯೊಳಗೆ ಸಿಕ್ಕಿಕೊಂಡ ಒಬ್ಬ ಮನುಷ್ಯನು ಕೈಯಲ್ಲಿನ ಉದ್ದನೆಯ ಸುತ್ತಿಗೆಯೊಂದರ ಬಲದಿಂದಲೇ ಬೆಟ್ಟ ಹತ್ತಬೇಕು. ಅರ್ಧ ಗಂಟೆಯಲ್ಲಿ ಹತ್ತಿದುದನ್ನು ಅರ್ಧ ಕ್ಷಣದಲ್ಲಿ ಕಳೆದುಕೊಳ್ಳಬಹುದು. ಹೀಗಿದ್ದರೂ ಆ ಸುತ್ತಿಗೆ ಎಂದೂ ಮೋಸ ಮಾಡುವುದಿಲ್ಲ; ಕೈ ಹೋದಂತೆಯೇ ಅದು ಹೋಗುತ್ತದೆ. ಬಿದ್ದವನು ದೂರಬೇಕಾದರೆ ತನ್ನ ಕೈಯನ್ನೇ ದೂರಬೇಕು. ಮತ್ತೆ ಏರಿದವನಿಗೆ ಸಿಗುವ ಸಂತೋಷವೂ ಅಷ್ಟೇ ಪೂರ್ಣವಾಗಿ ಅವನದೇ.

ಇಷ್ಟು ಹೇಳಿದ ಮಾತ್ರಕ್ಕೆ ಒರಟಾದುದೆಲ್ಲವೂ ಉತ್ತಮವೆಂಬ ತೀರ್ಮಾನಕ್ಕೆ ಬರಲಾಗದು. ಅಶ್ರದ್ಧೆಯಿಂದ ಕೆಲಸ ಮಾಡಿದವನೂ ಇದು ನನ್ನ ಶೈಲಿ ಎಂದು ಹೇಳಿಕೊಳ್ಳಬಹುದು. ಆದುದರಿಂದ ಗುಣವಾಗುವ ತೊಡಕಿಗೂ ಬರಿಯ ತೊಡಕಿಗೂ ಅಂತರವನ್ನು ಗುರುತಿಸಲು ಮೂರು ಪರೀಕ್ಷೆಗಳು ಅವಶ್ಯ. ಮೊದಲನೆಯದು ಔಚಿತ್ಯ: ತೊಡಕು ಕೃತಿಯ ವಸ್ತುವಿಗೂ ಭಾವಕ್ಕೂ ಹೊಂದಿಕೊಳ್ಳಬೇಕು. ಎರಡನೆಯದು ಸ್ಥಿರತೆ: ಇಂದು ಒಂದು ಬಗೆ, ನಾಳೆ ಒಂದು ಬಗೆಯಾಗದೆ ಅದು ತನ್ನ ನಿಯಮಕ್ಕೆ ಬದ್ಧವಾಗಿರಬೇಕು. ಮೂರನೆಯದು ಅಭ್ಯಾಸಸಾಧ್ಯತೆ: ದುಡಿದ ಕೈಗೆ ಅದು ಮೆಲ್ಲಮೆಲ್ಲನೆ ಒಲಿಯಬೇಕು.

ಈ ಮೂರಕ್ಕೂ ಒಂದೇ ವಂಶದ ಎರಡು ಕೃತಿಗಳು ಸಾಕ್ಷಿ ನುಡಿಯುತ್ತವೆ. 2002ರಲ್ಲಿ ಕ್ಯಾಪ್‌ಕಾಮ್ ಹೊರತಂದ ‘ಸ್ಟೀಲ್ ಬಟಾಲಿಯನ್’ ಎಂಬುದು ಭಾರಿ ಯುದ್ಧಯಂತ್ರವೊಂದನ್ನು ನಡೆಸುವ ಆಟ. ಅದಕ್ಕೆಂದೇ ಮಾಡಿದ ಫಲಕದಲ್ಲಿ ಸುಮಾರು 40 ಗುಂಡಿಗಳು, ಎರಡು ಕೋಲುಗಳು, ಕಾಲಿಗೆ ಮೂರು ಪೆಡಲುಗಳು. ಯಂತ್ರವನ್ನು ಹೊರಡಿಸಲೇ ಸ್ವಿಚ್ಚುಗಳನ್ನು ಒಂದಾದ ಮೇಲೊಂದರಂತೆ ಹಾಕಬೇಕು. ಯಂತ್ರ ನಾಶವಾಗುವ ಮುನ್ನ ಹೊರಜಿಗಿಯುವ ಗುಂಡಿಯನ್ನು ಒತ್ತದಿದ್ದರೆ ಚಾಲಕ ಸಾಯುತ್ತಾನೆ. ಅವನೊಡನೆ ಅದುವರೆಗೆ ಕಾಯ್ದಿರಿಸಿದ ಆಟವೂ ಅಳಿಸಿಹೋಗುತ್ತದೆ. ಇಷ್ಟು ಕ್ರೂರವಾಗಿದ್ದರೂ ಆ ಆಟಕ್ಕೆ ನಿಷ್ಠರಾದ ಅಭಿಮಾನಿಗಳು ದೊರೆತರು. ಏಕೆಂದರೆ ಒತ್ತಿದ ಗುಂಡಿ ತಪ್ಪದೆ ತನ್ನ ಕೆಲಸ ಮಾಡುತ್ತಿತ್ತು. ಅದೇ ಹೆಸರಿನ ಪರಂಪರೆಯಲ್ಲಿ 2012ರಲ್ಲಿ ಬಂದ ‘ಹೆವಿ ಆರ್ಮರ್’ ಎಂಬ ಆಟದಲ್ಲಿ ಗುಂಡಿಗಳ ಬಹುಭಾಗವನ್ನು ತೆಗೆದು, ಆಡುವವನ ಕೈಸನ್ನೆಗಳನ್ನು ಕಿನೆಕ್ಟ್ ಎಂಬ ಸಾಧನದ ಮೂಲಕ ಗ್ರಹಿಸುವ ಏರ್ಪಾಡು ಮಾಡಿದರು. ಸನ್ನೆಯನ್ನು ಅದು ಒಮ್ಮೆ ಗ್ರಹಿಸುತ್ತಿತ್ತು, ಒಮ್ಮೆ ಬೇರೇನೋ ಎಂದು ತಿಳಿಯುತ್ತಿತ್ತು. ವಿಮರ್ಶಕರು ಅದನ್ನು ಕಟುವಾಗಿ ಖಂಡಿಸಿದರು. ಮೊದಲನೆಯದು ಕಠಿಣ, ಆದರೆ ಸತ್ಯಸಂಧ. ಎರಡನೆಯದು ನೋಡಲು ಸುಲಭ, ಆದರೆ ಮಾತಿಗೆ ತಪ್ಪುವಂಥದು. ಕಠಿಣನಾದ ಗುರುವನ್ನು ಶಿಷ್ಯನು ಸಹಿಸಿಯಾನು. ಚಂಚಲಚಿತ್ತನಾದ ಗುರುವನ್ನು ಸಹಿಸಲಾರನು.

ಇನ್ನೊಂದು ಆಕ್ಷೇಪ ಇದಕ್ಕಿಂತಲೂ ಗುರುತರವಾದುದು. ಒಬ್ಬನಿಗೆ ರುಚಿಯಾದ ತೊಡಕು ಮತ್ತೊಬ್ಬನಿಗೆ ಮುಚ್ಚಿದ ಬಾಗಿಲಾಗಬಹುದು. ಬೆರಳುಗಳಲ್ಲಿ ಶಕ್ತಿಯಿಲ್ಲದವರು, ಒಂದೇ ಕೈಯುಳ್ಳವರು, ಕೈ ನಡುಗುವವರು ಗುಂಡಿಯನ್ನು ಬಹುಹೊತ್ತು ಒತ್ತಿ ಹಿಡಿಯಲಾರರು. ಅವರಿಗೆ ಅದು ಸ್ವಇಚ್ಛೆಯಿಂದ ಹಾಕಿಕೊಂಡ ತಡೆಯಲ್ಲ, ಹೊರಗಿನಿಂದ ಹೇರಿದ ತಡೆ. ಸೂಟ್ಸ್ ಅವರ ನಿರ್ಣಯದ ಪ್ರಕಾರವೇ ಅಂಥದು ಆಟದ ಎಲ್ಲೆಯನ್ನು ದಾಟಿತೆನ್ನಬೇಕು. ಈ ದಿಸೆಯಲ್ಲಿ 2018ನೆಯ ವರ್ಷ ಸ್ಮರಣೀಯವಾದುದು. ಅಂಗವೈಕಲ್ಯವುಳ್ಳವರು ತಮಗೆ ಒಗ್ಗುವ ಸ್ವಿಚ್ಚುಗಳನ್ನು ಜೋಡಿಸಿಕೊಂಡು ಆಡುವಂತಹ ಸಾಧನವೊಂದನ್ನು ಮೈಕ್ರೋಸಾಫ್ಟ್ ಆ ವರ್ಷ ಹೊರತಂದಿತು. ಬೆಟ್ಟ ಹತ್ತುವ ಕಥೆಯುಳ್ಳ, ಕಾಠಿಣ್ಯಕ್ಕೆ ಹೆಸರಾದ ‘ಸೆಲೆಸ್ಟ್’ ಎಂಬ ಆಟ ಬಂದುದೂ ಅದೇ ವರ್ಷ. ಬೇಕಾದವರು ಆಟದ ವೇಗವನ್ನು ತಗ್ಗಿಸಿಕೊಳ್ಳುವ ಸಹಾಯಕ್ರಮವನ್ನು ಅದರಲ್ಲಿಯೇ ಅಳವಡಿಸಲಾಗಿತ್ತು. ಇದರಿಂದ ಸಮರ್ಥರ ಸಂತೋಷಕ್ಕೆ ಯಾವ ಕುಂದೂ ಬರಲಿಲ್ಲ. ಕನ್ನಡ ಕಾವ್ಯದಲ್ಲಿ ಶತಮಾನಗಳ ಕಾಲ ಕಡ್ಡಾಯವಾಗಿದ್ದ ದ್ವಿತೀಯಾಕ್ಷರ ಪ್ರಾಸವನ್ನು ಮಂಜೇಶ್ವರದ ಗೋವಿಂದ ಪೈಗಳು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಬಿಟ್ಟಾಗ ಪ್ರಾಸದ ಸೊಗಸೇನೂ ಸಾಯಲಿಲ್ಲ. ಬೇಕಾದವರಿಗೆ ಅದು ಉಳಿಯಿತು, ಬೇಡವಾದವರಿಗೆ ದಾರಿ ತೆರೆಯಿತು. ತೊಡಕಿಗೆ ಮನ್ನಣೆಯಿರಲಿ, ಆದರೆ ಅದು ಆಯ್ದುಕೊಂಡ ತೊಡಕಾಗಿರಲಿ.

ವಿಡಿಯೋ ಆಟದ ವಿಚಾರ ವಿದ್ಯಾಲಯದ ಸಂಚಿಕೆಯಲ್ಲೇಕೆ ಎಂದು ಕೇಳುವವರು ಇರಬಹುದು. ಮಕ್ಕಳು ಓದನ್ನು ಮರೆತು ಪರದೆಯ ಮುಂದೆ ಕಾಲ ಕಳೆಯುತ್ತಾರೆಂಬ ತಾಯಿತಂದೆಗಳ ದೂರು ನಿರಾಧಾರವಾದುದಲ್ಲ. ಮಿತಿ ಮೀರಿದರೆ ಅಮೃತವೂ ವಿಷ. ಆದರೆ ಪರದೆಯ ಮುಂದೆ ನಡೆಯುವ ಒಂದು ಸಂಗತಿಯನ್ನು ಉಪಾಧ್ಯಾಯರು ಸಾವಧಾನವಾಗಿ ನೋಡಬೇಕು. ಲೆಕ್ಕವೊಂದು ಎರಡು ಸಲ ತಪ್ಪಿದರೆ ಪುಸ್ತಕ ಮುಚ್ಚಿಡುವ ಹುಡುಗನೇ, ಆ ನಾಲ್ಕು ಕೀಲಿಗಳ ಓಟಗಾರನೊಡನೆ ಐವತ್ತು ಸಲ ಬಿದ್ದು ಐವತ್ತೊಂದನೆಯ ಸಲ ಏಳುತ್ತಾನೆ. ಇವನಿಗೆ ಸಹನೆಯಿಲ್ಲವೆಂದು ಹೇಳುವುದು ಹೇಗೆ? ಅಲ್ಲಿ ತಪ್ಪಿಗೆ ಅವಮಾನವಿಲ್ಲ. ತಪ್ಪು ಎಲ್ಲಿ ಆಯಿತೆಂಬುದು ಕಣ್ಣೆದುರಿಗೇ ಕಾಣುತ್ತದೆ. ಮತ್ತೆ ಮೊದಲಿನಿಂದ ಹೊರಡಲು ಯಾರ ಅಪ್ಪಣೆಯೂ ಬೇಡ. ಕಷ್ಟವನ್ನು ಮಕ್ಕಳು ದ್ವೇಷಿಸುವುದಿಲ್ಲ. ಅರ್ಥವಿಲ್ಲದ ಕಷ್ಟವನ್ನೂ, ಅವಮಾನದೊಡನೆ ಬರುವ ಕಷ್ಟವನ್ನೂ ಮಾತ್ರ ದ್ವೇಷಿಸುತ್ತಾರೆ.

ಎಲ್ಲವನ್ನೂ ಸುಲಭಗೊಳಿಸುವುದೇ ಇಂದಿನ ಯುಗದ ಧರ್ಮವಾಗಿದೆ. ಬೆರಳು ಸೋಕಿದೊಡನೆ ಬಾಗಿಲು ತೆರೆಯಬೇಕು, ಕೇಳುವ ಮೊದಲೇ ಉತ್ತರ ಬರಬೇಕು. ಮೊಣಕೈ ನೋಯಿಸುವ ಸ್ವಿಚ್ಚುಗಳನ್ನು ಕಿತ್ತುಹಾಕುವುದು ಸರಿಯೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಭರದಲ್ಲಿ ಆಕಾಶದ ನೌಕೆಯ ಜಾರಿಕೆಯನ್ನೂ ಕಿತ್ತುಹಾಕಿದರೆ ಆಕಾಶವೇ ಉಳಿಯುವುದಿಲ್ಲ. ಯಾವ ತೊಡಕು ಬರಿಯ ನೋವು, ಯಾವ ತೊಡಕು ಅನುಭವದ ಬೇರು ಎಂದು ವಿವೇಚಿಸುವುದೇ ಆಟವನ್ನು ಕಟ್ಟುವವನ ಹೊಣೆ. ಪಾಠವನ್ನು ಕಟ್ಟುವವನ ಹೊಣೆಯೂ ಅದೇ.